ಬಿಡೆನೆಂಬ ಕೇಬಲ್ಲು

ಯಳಂದೂರಿನ ಸಂಸಾರವೊಂದು ಕೊಳ್ಳೇಗಾಲದ ನೆಂಟರ ಮನೆಯಲ್ಲಿ ತಂಗಿ, ಹನೂರಿನಾಚೆಯ ಘಟ್ಟವೇರಿ ಮಹದೇಶ್ವರನ ದರ್ಶನ ಪಡೆಯಲೆಂದು ವಿದ್ಯುತ್ ಕಾರನ್ನು ರಾತ್ರಿಯಿಡೀ ಚಾರ್ಜಿಗೆ ಹಾಕಿದೆಯೆನ್ನಿ. ಬೆಳಗ್ಗೆ ಕೇಬಲ್ಲು ಕಳಚದು. ಯಜಮಾನರು ಎಳೆಯುತ್ತಾರೆ, ನೆಂಟರೂ ಕೈಗೂಡಿಸುತ್ತಾರೆ.

ಎಳೆದು ಫಲವಿಲ್ಲ. ಪ್ಲಗ್ಗನ್ನು ಹಿಡಿದಿರುವುದು ಕಾರಿನೊಳಗಿನ ಪುಟ್ಟ ಬೀಗದ ಕಡ್ಡಿ. ವಿದ್ಯುತ್ತು ಹರಿಯುತ್ತಿರುವಾಗ ಕಿತ್ತು ಕಿಡಿ ಹಾರದಿರಲಿ, ಕಳ್ಳರು ಕೇಬಲ್ಲನ್ನು ಒಯ್ಯದಿರಲಿ ಎಂದೇ ಆ ಏರ್ಪಾಡು. ಮೊದಲು ಚಾರ್ಜನ್ನು ನಿಲ್ಲಿಸಿ, ಕೀಲಿಯಿಂದ ಬಾಗಿಲುಗಳ ಬೀಗ ಹಾಕಿ ಮತ್ತೆ ತೆಗೆಯಬೇಕು. ಕೇಬಲ್ಲಿನ ಭಾರಕ್ಕೆ ಪ್ಲಗ್ಗು ವಾಲಿ ಕಡ್ಡಿ ಸಿಕ್ಕಿಕೊಳ್ಳುವುದೂ ಉಂಟು. ಪ್ಲಗ್ಗನ್ನು ತುಸು ಎತ್ತಿ, ಒಳಕ್ಕೇ ಒತ್ತಿಹಿಡಿದು ಬೀಗ ತೆಗೆದರೆ ಸಡಿಲವಾದೀತು. ಅದಕ್ಕೂ ಬಗ್ಗದಿದ್ದರೆ? ಹಲವು ಕಾರುಗಳಲ್ಲಿ ಡಿಕ್ಕಿಯ ಬದಿಯಲ್ಲೋ ಬಾನೆಟ್ಟಿನ ಕೆಳಗೋ ಬೀಗ ಬಿಡಿಸುವ ತುರ್ತು ದಾರವಿರುತ್ತದೆ. ವಿದ್ಯುತ್ತು ನಿಂತ ಮೇಲಷ್ಟೇ ಅದನ್ನು ಎಳೆಯತಕ್ಕದ್ದು. ದಾರದ ಜಾಗ ಕೈಪಿಡಿಯಲ್ಲಿದೆ. ಕೈಪಿಡಿ ಮಾತ್ರ ಯಳಂದೂರಿನ ಮನೆಯ ಬೀರುವಿನಲ್ಲಿ!