ಹಾರ ಹಾಕಿದ್ದು ಸಾಕು, ಉತ್ತರ ಕೇಳಿ

ಶರಣಬಂಧುಗಳೇ,

2017ರಲ್ಲಿ ಬೀದರಿನಲ್ಲಿ ಒಂದಾಗಿ ಸೇರಿದೆವು. ನಾಗಮೋಹನದಾಸ್ ಸಮಿತಿ ವರದಿ ಕೊಟ್ಟಿತು. 2018ರ ಮಾರ್ಚ್ 19ರಂದು ರಾಜ್ಯ ಸಂಪುಟ ಲಿಂಗಾಯತ ಧರ್ಮಕ್ಕೆ ಅಲ್ಪಸಂಖ್ಯಾತ ಮಾನ್ಯತೆ ಕೊಡಲು ಶಿಫಾರಸು ಮಾಡಿತು. ಕೇಂದ್ರ ಒಪ್ಪಲಿಲ್ಲ. ಆಮೇಲೆ ನಾವು ಮಾಡಿದ್ದೇನು? ಒಳಪಂಗಡಕ್ಕೊಂದು ಮೀಸಲಾತಿ ಮನವಿ ಹಿಡಿದು ನಿಂತೆವು. ಒಡೆದು ಬಂದವರನ್ನು ಸಾಗಹಾಕುವುದು ಯಾವ ಸರ್ಕಾರಕ್ಕೂ ಸುಲಭ.

ನಮ್ಮ ಅರಕಲಗೂಡಿನಲ್ಲೂ ಅಷ್ಟೇ. ಮಂತ್ರಿ ಬಂದರೆ ಹಾರ, ಶಾಲು, ಮನವಿಪತ್ರ. ಆ ಪತ್ರ ಏನಾಯಿತೆಂದು ಕೇಳುವವರಿಲ್ಲ. ಸ್ವಾಮಿಗಳೇ ಮಾತಾಡಲಿ ಎಂದು ಸುಮ್ಮನಿರುವುದು ಭಕ್ತಿಯಲ್ಲ, ಸೋಮಾರಿತನ. ಅನುಭವ ಮಂಟಪದಲ್ಲಿ ಕಾಯಕಜೀವಿಗಳು ತಾವೇ ಮಾತಾಡಿದರು.

ಮನವಿಗೆ ಸ್ವೀಕೃತಿ ಪಡೆಯಿರಿ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು; ಕೇಳಿ. ಮತ ಕೇಳಲು ಬಂದವರ ಮುಂದೆ ಆ ಉತ್ತರವನ್ನೇ ಇಡಿ.