ಕುರುಕ್ಷೇತ್ರ ಆಡುವ ಊರು ಮಕ್ಕಳಿಗೂ ರಂಗ ಬಿಟ್ಟುಕೊಡಲಿ



ಮಂಡ್ಯ, ತುಮಕೂರು, ಹಾಸನದ ಕಡೆ ಸುಗ್ಗಿ ಮುಗಿದರೆ ಸಾಕು, ‘ಕುರುಕ್ಷೇತ್ರ’ ನಾಟಕದ ಮಾತು ಶುರುವಾಗುತ್ತದೆ. ಹಾರ್ಮೋನಿಯಂ ಮೇಷ್ಟ್ರು ಬರುತ್ತಾರೆ. ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು ಎಂದು ಪಾತ್ರ ಮಾಡುವವರೇ ಕೈಯಿಂದ ದುಡ್ಡು ಹಾಕುತ್ತಾರೆ. ಹಗಲೆಲ್ಲ ಗದ್ದೆಯಲ್ಲಿ ದುಡಿದವರು ತಿಂಗಳುಗಟ್ಟಲೆ ರಾತ್ರಿ ಕೂತು ಕಂದಪದ್ಯ ಕಲಿಯುತ್ತಾರೆ. ಬೆಳಗಿನ ಜಾವದವರೆಗೆ ಊರಿಗೆ ಊರೇ ಕೂತು ನೋಡುತ್ತದೆ. ಯಾರ ಅನುದಾನಕ್ಕೂ ಕಾಯದ ಈ ಹುಮ್ಮಸ್ಸು ನಮ್ಮ ಊರುಗಳ ದೊಡ್ಡ ಆಸ್ತಿ.

ಆದರೆ ಆ ರಂಗದ ಮೇಲೆ ನಮ್ಮ ಹದಿನಾಲ್ಕರಿಂದ ಇಪ್ಪತ್ತರ ವಯಸ್ಸಿನವರು ಎಲ್ಲಿ? ಹುಡುಗರು ಕುರ್ಚಿ ಜೋಡಿಸುತ್ತಾರೆ, ಪರದೆ ಎಳೆಯುತ್ತಾರೆ. ಹುಡುಗಿಯರಿಗೆ ಅದೂ ಇಲ್ಲ. ದ್ರೌಪದಿಯ ಪಾತ್ರಕ್ಕೆ ಪಟ್ಟಣದಿಂದ ಕಲಾವಿದೆಯರನ್ನು ಸಂಭಾವನೆ ಕೊಟ್ಟು ಕರೆಸುತ್ತೇವೆ, ನಮ್ಮ ಮಗಳು ದೂರದ ಚಾಪೆಯ ಮೇಲೆ ಕೂತು ನೋಡುತ್ತಾಳೆ.

ನಮ್ಮ ಬೇಡಿಕೆ ಇಷ್ಟೇ. ಊರಿನ ಸಮುದಾಯ ಭವನದಲ್ಲಿ ವಾರಕ್ಕೊಂದು ಸಂಜೆ, ವರ್ಷಪೂರ್ತಿ, ಯುವಜನರ ರಂಗ ತರಬೇತಿ ನಡೆಯಲಿ.

ಬೇಸಿಗೆ ಶಿಬಿರ ಸಾಲದೇ ಎನ್ನುವವರಿದ್ದಾರೆ. ಮೈಸೂರಿನ ರಂಗಾಯಣದ ‘ಚಿನ್ನರ ಮೇಳ’ದಿಂದ ಎಷ್ಟೋ ಮಕ್ಕಳು ಅರಳಿದ್ದಾರೆ, ಅದು ನಡೆಯುತ್ತಲೇ ಇರಬೇಕು. ಆದರೆ ಅದು ಮೈಸೂರಿನಲ್ಲಿದೆ, ಬೇಸಿಗೆಯಲ್ಲಿದೆ. ನಮ್ಮ ಕಡೆ ಶಿಬಿರವೆಂದರೆ ಕೆಲವು ದಿನದ ಗಡಿಬಿಡಿ, ಕೊನೆಗೊಂದು ಪ್ರದರ್ಶನ, ಪ್ರಮಾಣಪತ್ರ, ಫೋಟೊ. ಹೈಸ್ಕೂಲು ದಾಟಿದವರಿಗೆ ಅಲ್ಲೂ ಜಾಗವಿಲ್ಲ. ಬಾಯಿ ಕಟ್ಟಿಹೋಗುವ ವಯಸ್ಸು ಅದೇ.

ತರಬೇತಿಯಲ್ಲಿ ಏನಾಗುತ್ತದೆ ಎನ್ನುವುದಕ್ಕೆ ಒಂದು ಸಂಗತಿ ಕೇಳಿ. ಪಕ್ಕದ ಊರಿನ ಮಕ್ಕಳಿಗೆ ನಾಟಕ ಕಲಿಸುವ ಮೇಷ್ಟ್ರು ಹೇಳಿದರು: ‘ಬೆಳಗಿನ ಬಸ್ಸು ನಿಲ್ಲಿಸದೆ ಹೋಗುತ್ತದಲ್ಲ, ಅದನ್ನೇ ಆಡಿ ತೋರಿಸಿ.’ ಮೊದಲ ಸಲ ಎಲ್ಲರೂ ಸೇರಿ ಕಂಡಕ್ಟರನನ್ನು ಬೈದರು, ನಗು ಬಂತು, ಮುಗಿಯಿತು. ‘ಈಗ ಬಸ್ಸಿನ ಒಳಗಿನಿಂದ ಆಡಿ’ ಎಂದರು. ಕಂಡಕ್ಟರನ ಪಾತ್ರದ ಹುಡುಗ ಫುಟ್‌ಬೋರ್ಡಿನವರೆಗೂ ತುಂಬಿದ ಜನರ ನಡುವೆ ಸಿಕ್ಕಿಕೊಂಡ. ಒಬ್ಬ ಹುಡುಗಿ ಆಸ್ಪತ್ರೆಗೆ ಹೊರಟ ಅಜ್ಜಿಯಾಗಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಳು. ಹುಡುಗನಿಗೆ ರೈಟ್ ಹೇಳಲು ಬಾಯಿ ಬರಲಿಲ್ಲ, ಹತ್ತಿಸಿಕೊಳ್ಳಲು ಜಾಗವೂ ಇರಲಿಲ್ಲ. ಯಾರೂ ನಗಲಿಲ್ಲ. ಆಮೇಲೆ ಆ ಮಕ್ಕಳೇ ಕೂತು ಡಿಪೊಗೆ ಬರೆದ ಅರ್ಜಿಯಲ್ಲಿ ಬೈಗುಳವಿರಲಿಲ್ಲ. ಕಾಲೇಜಿನ ಹೊತ್ತಿಗೆ ಇನ್ನೊಂದು ಬಸ್ಸು ಬಿಡಿ ಎಂಬ ಒಂದೇ ಮಾತಿತ್ತು. ಇಂಥ ಮಕ್ಕಳು ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ನಿಂತರೆ ಶಾಲೆಯ ಮೇಷ್ಟ್ರು ಬರೆದುಕೊಟ್ಟ ಚೀಟಿ ಬೇಕಾಗುವುದಿಲ್ಲ.

ಇದರಲ್ಲಿ ಒಂದು ಷರತ್ತನ್ನು ನಾವು ಬಿಟ್ಟುಕೊಡುವುದಿಲ್ಲ. ತರಬೇತಿ ಶುರುವಾಗುವುದೇ ಎಲ್ಲರೂ ಕೈಕೈ ಹಿಡಿದು ಸುತ್ತ ನಿಲ್ಲುವುದರಿಂದ. ಯಾವ ಕೇರಿಯ ಮಗು ಯಾರ ಕೈ ಹಿಡಿಯಿತು ಎಂದು ಯಾರೂ ಕೇಳಕೂಡದು. ರಾಜನ ಪಾತ್ರ ಯಾವ ಮನೆಯ ಹುಡುಗನಿಗೆ ಬಂತು ಎಂದೂ ಕೇಳಕೂಡದು. ಇದನ್ನು ಒಪ್ಪದ ಕಡೆ ತರಬೇತಿ ನಡೆಸುವುದೇ ಬೇಡ.

ಓದು ಹಾಳಾಗುತ್ತದೆ ಎನ್ನುವ ಅಪ್ಪ ಅಮ್ಮಂದಿರ ಆತಂಕ ಸುಳ್ಳಲ್ಲ. ಅದಕ್ಕೇ ವಾರಕ್ಕೆ ಒಂದೇ ಸಂಜೆ ಕೇಳುತ್ತಿದ್ದೇವೆ, ಪರೀಕ್ಷೆಯ ತಿಂಗಳು ರಜೆ. ತರಗತಿಯಲ್ಲಿ ಒಂದು ಪುಟ ಗಟ್ಟಿಯಾಗಿ ಓದಲು ಹಿಂಜರಿಯುವ ಹುಡುಗ ನಾಟಕದಲ್ಲಿ ತನ್ನ ಮಾತು ಬಾಯಿಪಾಠವಾಗುವವರೆಗೆ ಒಂದೇ ಪುಟವನ್ನು ಮತ್ತೆ ಮತ್ತೆ ಓದುತ್ತಾನೆ. ಹೆಣ್ಣುಮಕ್ಕಳಿಗಾಗಿ ಕತ್ತಲಾಗುವ ಮುಂಚೆ ಮುಗಿಸಬೇಕು, ಊರಿನ ಇಬ್ಬರು ತಾಯಂದಿರು ಜೊತೆಗಿರಬೇಕು.

ಹಳ್ಳಿಯಲ್ಲಿ ಇದೆಲ್ಲ ನಡೆಯುತ್ತದೆಯೇ ಎನ್ನುವವರು ಸಾಗರ ತಾಲ್ಲೂಕಿನ ಹೆಗ್ಗೋಡಿನ ಕಡೆ ನೋಡಲಿ. 1949ರಲ್ಲಿ ಆ ಅಡಿಕೆ ತೋಟಗಳ ಊರಿನವರು ಕಟ್ಟಿದ ನಾಟಕ ಸಂಘ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು, 1985ರಲ್ಲಿ ‘ತಿರುಗಾಟ’ ಶುರುಮಾಡಿ ನಾಟಕಗಳನ್ನು ಊರೂರಿಗೆ ಒಯ್ದಿತು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯೂ ಹಳ್ಳಿಯೇ, ಅಲ್ಲಿಯ ಶಿವಸಂಚಾರ ತಂಡದ ನಾಟಕಗಳನ್ನು ನಾವೂ ನೋಡಿದ್ದೇವೆ. ಇಂಥ ಕಡೆ ಕಲಿತು ಬಂದ ಯುವಕ ಯುವತಿಯರು ಜಿಲ್ಲೆ ಜಿಲ್ಲೆಯಲ್ಲಿದ್ದಾರೆ. ಕರೆಯುವವರು ಬೇಕು.

ಖರ್ಚು ಹೆಚ್ಚಿಲ್ಲ. ಮದುವೆ ಇಲ್ಲದ ದಿನ ಸಮುದಾಯ ಭವನಕ್ಕೆ ಬೀಗವೇ. ಕಲಿಸುವವರಿಗೆ ಗೌರವಧನ, ಬಸ್ ಚಾರ್ಜು, ಮಕ್ಕಳಿಗೆ ಟೀ, ಮಂಡಕ್ಕಿ. ‘ಕುರುಕ್ಷೇತ್ರ’ಕ್ಕೆ ಕೂಡಿಸುವ ಹಣದಲ್ಲಿ ಒಂದು ಪಾಲನ್ನು ಎತ್ತಿಟ್ಟರೂ ಕೆಲಸ ಶುರುವಾಗುತ್ತದೆ. ಹಾರ್ಮೋನಿಯಂ ಮೇಷ್ಟ್ರೂ ಬಂದು ಹಾಡು ಕಲಿಸಲಿ, ಆ ವಿದ್ಯೆ ಮುಂದಿನ ತಲೆಮಾರಿಗೆ ದಾಟುವ ದಾರಿಯೂ ಇದೇ.

ಮುಂದಿನ ಗ್ರಾಮಸಭೆಗೆ ತಪ್ಪದೆ ಬನ್ನಿ. ಸಮುದಾಯ ಭವನವನ್ನು ವಾರಕ್ಕೊಂದು ಸಂಜೆ ಮಕ್ಕಳಿಗೆ ಬಿಟ್ಟುಕೊಡಬೇಕೆಂದು ನಡವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿ. ಬರುವಾಗ ಮಗಳನ್ನೂ ಕರೆದುಕೊಂಡು ಬನ್ನಿ.