ಹಳ್ಳಿಯ ಬಸ್ಸು ನಷ್ಟದ ಬಾಬತ್ತೇ?

1997ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ಹುಟ್ಟಿದ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಗೆ ನಷ್ಟ ಹೊಸತಲ್ಲ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಪ್ರಯಾಣ ಉಚಿತ. ಆ ವೆಚ್ಚವನ್ನು ಸರಕಾರ ತುಂಬಿಕೊಡಬೇಕು. 2025ರ ಜನವರಿಯಲ್ಲಿ ದರವೂ ಶೇಕಡಾ 15ರಷ್ಟು ಏರಿತು. ಆದರೂ ನಷ್ಟದ ಮಾತು ಬಂದಾಗಲೆಲ್ಲ ಅಂಜಿಕೆ ಹುಟ್ಟುವುದು ಘಟ್ಟದಂಚಿನ ಹಳ್ಳಿಗಳಲ್ಲಿ: ತಮ್ಮೂರ ಟ್ರಿಪ್ಪು ಉಳಿದೀತೇ?

ಒಂದೊಂದೇ ಟ್ರಿಪ್ಪಿನ ಆದಾಯವನ್ನು ಅದರ ಖರ್ಚಿನೊಡನೆ ತೂಗಿದರೆ ಹಳ್ಳಿಯ ಬಸ್ಸು ಸೋಲುವುದು ಸಹಜ. ಆದರೆ ಹಾಡುವಳ್ಳಿಯಿಂದ ಭಟ್ಕಳಕ್ಕೆ, ಗೇರಸೊಪ್ಪೆಯಿಂದ ಹೊನ್ನಾವರಕ್ಕೆ, ಸಂತೆಗುಳಿಯಿಂದ ಕುಮಟಾಕ್ಕೆ ಇಳಿದವರೇ ಅಲ್ಲಿಂದ ಹುಬ್ಬಳ್ಳಿ, ಮಂಗಳೂರಿನ ಬಸ್ಸನ್ನೂ ಹತ್ತುತ್ತಾರೆ. ಹಳ್ಳಗಳನ್ನು ಬತ್ತಿಸಿ ಹೊಳೆಯನ್ನು ತುಂಬಿಸಲಾಗದು.

ಬಸ್ಸು ನಿಂತ ಊರಿನಲ್ಲಿ ಬೈಕು, ಟೆಂಪೋಗಳು ಹೆಚ್ಚುತ್ತವೆ; ರಸ್ತೆ ಅಗಲಿಸುವ ಬೇಡಿಕೆ ಏಳುತ್ತದೆ; ಮರಗಳು ಉರುಳುತ್ತವೆ. ಬೈಕಿಲ್ಲದ ಮನೆಯ ಹುಡುಗಿಯ ಕಾಲೇಜು ಅರ್ಧಕ್ಕೆ ನಿಲ್ಲುತ್ತದೆ.

ಇಕ್ಕಟ್ಟಾದ ರಸ್ತೆಗೆ ಚಿಕ್ಕ ಬಸ್ಸು, ಕಾಲೇಜು ಮತ್ತು ಕೊಂಕಣ ರೈಲಿನ ವೇಳೆಗೆ ಹೊಂದುವ ಸಮಯ, ‘ಶಕ್ತಿ’ ಹಣದ ಸಕಾಲಿಕ ಪಾವತಿ ಇವೇ ಚೇತರಿಕೆಯ ದಾರಿ. ಟ್ರಿಪ್ಪು ರದ್ದುಗೊಳಿಸುವ ಮುನ್ನ ಸಂಸ್ಥೆಯು ಗ್ರಾಮಸಭೆಯ ಮಾತು ಕೇಳಲಿ. ಯಾರು ಎಲ್ಲಿ ಹತ್ತಿ, ಮುಂದೆ ಎಲ್ಲಿಗೆ ಹೋಗುತ್ತಾರೆಂಬ ಲೆಕ್ಕವನ್ನು ವಿದ್ಯಾರ್ಥಿಗಳೇ ಒಂದು ತಿಂಗಳು ಬರೆದಿಡಲಿ. ಡಿಪೋದ ಲೆಕ್ಕಕ್ಕೆ ಊರಿನ ಲೆಕ್ಕವೇ ಉತ್ತರವಾಗಬೇಕು.